ಕರ್ತೃವಿಲ್ಲದ ಸಾವು

ಕನ್ನಡದಲ್ಲಿ ಸಾವಿಗೆ ಸಂಬಂಧಿಸಿದ ಕ್ರಿಯಾಪದಗಳು ಮುಖ್ಯವಾಗಿ ಎರಡು. ಒಂದು 'ಸಾಯು', ಇನ್ನೊಂದು 'ಕೊಲ್ಲು'. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ವ್ಯಾಕರಣವನ್ನು ಮರೆತು ಬಹಳ ದಿನಗಳಾದ ಓದುಗರು ಹೆದರಬೇಕಾಗಿಲ್ಲ. ಇಲ್ಲಿ ಪಾಠ ಹೇಳುವ ಉದ್ದೇಶ ನನಗಿಲ್ಲ. ನನಗೆ ಬೇಕಾದದ್ದು ಇಷ್ಟೆ: 'ಕೊಂದರು' ಎಂದೊಡನೆ 'ಯಾರು?' ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 'ಸತ್ತಿತು' ಎಂದರೆ ಆ ಪ್ರಶ್ನೆ ಹುಟ್ಟುವುದಿಲ್ಲ. 'ಮಗು ಸತ್ತಿತು' ಎಂಬ ವಾಕ್ಯದಲ್ಲಿ ಕರ್ತೃವಿನ ಸ್ಥಾನದಲ್ಲಿ ಕುಳಿತಿರುವುದು ಮಗುವೇ. ಸಾಯುವ ಕೆಲಸವನ್ನು ಅದೇ ಆರಂಭಿಸಿ ಅದೇ ಮುಗಿಸಿತು, ಬೇರೆ ಯಾರಿಗೂ ಅದರಲ್ಲಿ ಪಾಲಿಲ್ಲ ಎಂಬ ಹಾಗೆ ಆ ವಾಕ್ಯ ಪೂರ್ಣವಿರಾಮಕ್ಕೆ ಬಂದು ನಿಂತುಬಿಡುತ್ತದೆ.

ಹಳ್ಳಿಗಳಲ್ಲಿ ಭೇದಿಯಿಂದ ಸಾಯುವ ಎಳೆಯ ಮಕ್ಕಳ ವಿಷಯದಲ್ಲಿ ನಾವೆಲ್ಲ ಬಳಸುವುದು ಈ ಅಕರ್ಮಕ ವಾಕ್ಯವನ್ನೇ. ಬಸ್ಸು ಕಾಲುವೆಗೆ ಉರುಳಿ ಹತ್ತು ಜನ ಸತ್ತರೆ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಅದು ಬರುತ್ತದೆ. ಚಾಲಕ ಯಾರು, ಸೇತುವೆ ಕಟ್ಟಿದವರು ಯಾರು ಎಂಬ ವಿಚಾರಣೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಐದು ವರ್ಷ ತುಂಬದ 4,40,000ಕ್ಕೂ ಹೆಚ್ಚು ಮಕ್ಕಳು ವರ್ಷವೊಂದಕ್ಕೆ ಭೇದಿಯಿಂದ ಸಾಯುತ್ತಾರೆ; ಎಂದರೆ ದಿನವೊಂದಕ್ಕೆ 1,200. ಇದು ಯಾವ ದಿನದ ಪತ್ರಿಕೆಯಲ್ಲಿಯೂ ಸುದ್ದಿಯಾಗುವುದಿಲ್ಲ. ಪತ್ರಿಕೆಯವರ ಹೃದಯ ಕಲ್ಲೆಂದು ಇದರ ಅರ್ಥವಲ್ಲ. ಸುದ್ದಿ ಎನ್ನುವುದು ಘಟನೆಯನ್ನು ಕುರಿತದ್ದು. ಈ ಸಾವು ಘಟನೆಯೇ ಅಲ್ಲ. ಅದು ಹದಿನೆಂಟು ತಿಂಗಳು ಸದ್ದಿಲ್ಲದೆ ನಡೆದು, ಯಾವುದೋ ಒಂದು ಬೆಳಗಿನ ಜಾವ ಮುಗಿಯುವ ಕೆಲಸ.

ಹಾಗಾದರೆ ಆ ಕೆಲಸವನ್ನು ಮಾಡಿದವರು ಯಾರು? ಈ ಪ್ರಶ್ನೆಯನ್ನು ಸ್ವಲ್ಪ ತಾಳ್ಮೆಯಿಂದ ಹಿಂಬಾಲಿಸಿ ನೋಡೋಣ.

ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ. ಕಲ್ಯಾಣ ಕರ್ನಾಟಕದ ಹತ್ತಿ ಬೆಳೆಯುವ ಸೀಮೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ತಾಯಿ ರಕ್ತಹೀನೆ, ಇದರಲ್ಲಿ ವಿಶೇಷವೇನೂ ಇಲ್ಲ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಹಾಗೆಯೇ ಇದ್ದಾರೆ. ಮಗು ಹುಟ್ಟುವಾಗಲೇ ಸಣ್ಣದು. ಎರಡು ತಿಂಗಳಾಗುತ್ತಲೂ ತಾಯಿ ಹತ್ತಿ ಬಿಡಿಸಲು ಹೋದಳು, ಹೋಗದಿದ್ದರೆ ಕೂಲಿಯಿಲ್ಲ. ಮಗುವನ್ನು ಅಜ್ಜಿ ನೋಡಿಕೊಂಡಳು. ಹಸಿದು ಅತ್ತಾಗ ನೀರು ಬೆರೆಸಿದ ಹಾಲನ್ನು ಸೀಸೆಯಲ್ಲಿ ಕುಡಿಸಿದಳು. ಆರು ತಿಂಗಳ ಮೇಲೆ ಗಟ್ಟಿ ಆಹಾರ ಬೇಕು. ಸಿಕ್ಕಿದ್ದು ತೆಳ್ಳನೆಯ ಗಂಜಿ. ಅದೂ ಬೆಳಗ್ಗೆ ಮಾಡಿದ್ದು ಸಂಜೆಯವರೆಗೆ. ಏಳನೆಯ ತಿಂಗಳಲ್ಲಿ ಮೊದಲ ಭೇದಿ. 'ಹಲ್ಲು ಬರುವಾಗ ಹೀಗೇ' ಎಂದರು. ಹತ್ತನೆಯ ತಿಂಗಳಲ್ಲಿ ಇನ್ನೊಮ್ಮೆ. 'ದೃಷ್ಟಿ' ಎಂದರು. ಆಮೇಲೆ ಎಷ್ಟು ಸಲ ಎಂಬುದನ್ನು ಯಾರೂ ಎಣಿಸಲಿಲ್ಲ. ಒಂದೂವರೆ ವರ್ಷ ತುಂಬುವ ಹೊತ್ತಿಗೆ ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಮಳೆಗಾಲದ ಆರಂಭದಲ್ಲಿ ಬಂದ ಭೇದಿ ಎರಡೇ ದಿನದಲ್ಲಿ ಮಗುವನ್ನು ಹಿಂಡಿತು. ನೆತ್ತಿಯ ಸುಳಿ ಒಳಕ್ಕಿಳಿಯಿತು, ಅತ್ತರೆ ಕಣ್ಣೀರು ಬರಲಿಲ್ಲ. ಮೂರನೆಯ ದಿನ ಮಗು ಸತ್ತಿತು.

ಈಗ ಅಪರಾಧಿಯನ್ನು ಹುಡುಕಿ. ತಾಯಿಯೆ? ಅವಳು ದುಡಿಯದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಜ್ಜಿಯೆ? ತನ್ನ ಆರು ಮಕ್ಕಳನ್ನು ಹೇಗೆ ಸಾಕಿದಳೋ ಹಾಗೆಯೇ ಇದನ್ನೂ ಸಾಕಿದಳು. ಅಂಗನವಾಡಿಯ ಕಾರ್ಯಕರ್ತೆಯೆ? ಅವಳು ಪೌಷ್ಟಿಕ ಹಿಟ್ಟಿನ ಪೊಟ್ಟಣವನ್ನು ತಪ್ಪದೆ ಕೊಟ್ಟಿದ್ದಳು. ಮನೆಯಲ್ಲಿದ್ದ ಐದು ಹೊಟ್ಟೆಗಳು ಅದನ್ನು ಹಂಚಿಕೊಂಡವು. ನೀರು ಬಿಡುವವನೆ? ನೀರು ವಾರಕ್ಕೆ ಎರಡು ಸಲ ಬರುತ್ತಿದ್ದುದರಿಂದ ಜನ ಕೊಡಗಳಲ್ಲಿ ತುಂಬಿಟ್ಟುಕೊಂಡರು; ಕೊಡಕ್ಕೆ ಕೈ ಹಾಕಿದರು. ವೈದ್ಯನೆ? ಅವನ ಬಳಿಗೆ ಮಗುವನ್ನು ತಂದಾಗ ತಡವಾಗಿತ್ತು. ಜಮೀನಿನ ಒಡೆಯನೆ? ಅವನು ಊರಿನಲ್ಲಿ ನಡೆಯುವ ಕೂಲಿಯನ್ನೇ ಕೊಟ್ಟ. ಇನ್ನು ಹತ್ತಿಯ ಅಂಗಿ ತೊಟ್ಟು ನಗರದಲ್ಲಿ ಪತ್ರಿಕೆ ಓದುತ್ತಿರುವ ನಮ್ಮ ಮಾತಂತೂ ಏಳುವುದೇ ಇಲ್ಲ. ಹೀಗೆ ಪ್ರತಿಯೊಬ್ಬರನ್ನೂ ಕಟಕಟೆಗೆ ಕರೆದು ಪ್ರತಿಯೊಬ್ಬರನ್ನೂ ಬಿಡುಗಡೆ ಮಾಡಿದ ಮೇಲೆ ನಮ್ಮ ಮುಂದೆ ಉಳಿಯುವುದು ಹೆಣವೊಂದೇ. 'ಹತ್ತು ಜನರ ನಡುವೆ ಹಾವು ಸಾಯಲಿಲ್ಲ' ಎಂಬ ನಮ್ಮ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. ಹೊಡೆಯಬೇಕಾದವರು ಹತ್ತು ಜನ. ಒಬ್ಬೊಬ್ಬನೂ ಉಳಿದ ಒಂಬತ್ತು ಜನರನ್ನು ನೋಡಿದ. ಹಾವು ತನ್ನ ದಾರಿ ಹಿಡಿಯಿತು.

ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೋಡುವುದು ಅಗತ್ಯ. ಏಕೆಂದರೆ ಕರ್ತೃ ಸಿಗದೆ ಹೋಗುವುದಕ್ಕೆ ರೋಗದ ಸ್ವಭಾವವೂ ಒಂದು ಕಾರಣ. 1959ರಲ್ಲಿ ಸ್ಕ್ರಿಮ್‌ಶಾ, ಟೇಲರ್, ಗಾರ್ಡನ್ ಎಂಬ ಮೂವರು ವಿದ್ವಾಂಸರು ಒಂದು ಲೇಖನ ಬರೆದರು. 1968ರಲ್ಲಿ ಅದೇ ವಿಷಯವನ್ನು ವಿಸ್ತರಿಸಿದ ಅವರ ಗ್ರಂಥವನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರತಂದಿತು. ಇವರಲ್ಲಿ ಟೇಲರ್ ಪಂಜಾಬಿನ ನಾರಂಗ್ವಾಲ್ ಸುತ್ತಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಇವರು ಹೇಳಿದ್ದು ಸರಳವಾದ ಮಾತು: ಆಹಾರದ ಕೊರತೆ ಮತ್ತು ಸೋಂಕು ಎಂಬ ಎರಡು ಕೇಡುಗಳು ಒಂದೇ ಮಗುವಿನಲ್ಲಿ ಕೂಡಿದಾಗ ಅವುಗಳ ಫಲ ಬರಿಯ ಕೂಡಿಕೆಯಲ್ಲ, ಒಂದು ಇನ್ನೊಂದನ್ನು ಬೆಳೆಸುತ್ತದೆ. ಊಟ ಸಾಲದ ಮಗುವಿನಲ್ಲಿ ರೋಗವನ್ನು ತಡೆಯುವ ಪಡೆಯೇ ಸೊರಗುತ್ತದೆ. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ಕರುಳಿನ ಒಳಪದರು ತೆಳುವಾಗುತ್ತದೆ. ಜಠರದ ಆಮ್ಲ, ಬಾಗಿಲಲ್ಲಿಯೇ ಎಷ್ಟೋ ಜೀವಾಣುಗಳನ್ನು ಸುಡಬೇಕಾದದ್ದು, ಕಡಮೆಯಾಗುತ್ತದೆ. ಸೋಂಕು ಸುಲಭವಾಗಿ ಒಳಹೊಗುತ್ತದೆ. ಹೊಕ್ಕ ಸೋಂಕು ಹಸಿವನ್ನು ಕೊಲ್ಲುತ್ತದೆ, ತಿಂದದ್ದನ್ನು ಮೈಗೆ ಹತ್ತಗೊಡುವುದಿಲ್ಲ, ಜ್ವರದಲ್ಲಿ ಇದ್ದ ಮಾಂಸವನ್ನೂ ಉರಿಸುತ್ತದೆ. ಮಗು ಇನ್ನಷ್ಟು ಬಡವಾಗುತ್ತದೆ; ಮುಂದಿನ ಸೋಂಕಿಗೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ನಮ್ಮ ಮನೆಯ ಮಗುವಿಗೂ ಭೇದಿಯಾಗುತ್ತದೆ. ನಾಲ್ಕು ದಿನ ಸೊರಗಿ, ಮುಂದಿನ ಹದಿನೈದು ದಿನಗಳಲ್ಲಿ ಕಳೆದುಕೊಂಡ ತೂಕವನ್ನು ಬಡ್ಡಿಸಹಿತ ಪಡೆದುಕೊಂಡು ಕುಣಿಯುತ್ತದೆ. ಹಳ್ಳಿಯ ಬಡ ಮಗುವಿಗೆ ಆ ಹದಿನೈದು ದಿನಗಳ ಬಿಡುವು ಸಿಗುವುದಿಲ್ಲ. ಒಂದು ಸಾಲ ತೀರುವ ಮೊದಲೇ ಇನ್ನೊಂದು ಸಾಲ. ಗ್ವಾಟೆಮಾಲಾ ದೇಶದ ಸಾಂತಾ ಮರಿಯಾ ಕೌಕೆ ಎಂಬ ಹಳ್ಳಿಯಲ್ಲಿ ಲಿಯೊನಾರ್ಡೊ ಮಾತಾ ಎಂಬ ವಿಜ್ಞಾನಿ 1964ರಿಂದ ಹಲವು ವರ್ಷ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ಅವುಗಳ ತೂಕದ ಗೆರೆಯನ್ನೂ ಬಂದ ಕಾಯಿಲೆಗಳನ್ನೂ ಒಂದೇ ಹಾಳೆಯಲ್ಲಿ ಗುರುತಿಸಿದರು; 1978ರಲ್ಲಿ ಅದು ಪುಸ್ತಕವಾಗಿ ಬಂತು. ಗೆರೆ ಮೊದಲ ತಿಂಗಳುಗಳಲ್ಲಿ ಮೇಲೇರುತ್ತದೆ. ತಾಯಿಯ ಹಾಲಿನ ಕಾವಲು ಸಡಿಲವಾಗುತ್ತಲೂ ಕಾಯಿಲೆಯ ಗುರುತುಗಳು ಒತ್ತಾಗುತ್ತವೆ, ಒಂದೊಂದು ಗುರುತಿನ ಕೆಳಗೂ ಗೆರೆ ಕುಸಿಯುತ್ತದೆ. ಸಾಲಗಾರನ ಲೆಕ್ಕದ ಪುಸ್ತಕವೂ ಹೀಗೆಯೇ ಇರುತ್ತದೆ.

ಆದ್ದರಿಂದ ಆ ಮಗುವನ್ನು ಕೊಂದದ್ದು ಕೊನೆಯ ಭೇದಿಯೆ ಎಂದು ಕೇಳಿದರೆ, ಹೌದು ಎನ್ನುವುದೂ ಕಷ್ಟ, ಅಲ್ಲ ಎನ್ನುವುದೂ ಕಷ್ಟ. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟರ ಹಿಂದೆ ಅಪೌಷ್ಟಿಕತೆ ನಿಂತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಂತಿದೆ, ನಿಜ, ಆದರೆ ಹಿಂದೆ ನಿಂತಿದೆ. ಮುಂದೆ ಕಾಣುವುದು ಭೇದಿ, ನ್ಯುಮೋನಿಯ, ದಡಾರ. ದಾಖಲೆಗೆ ಹತ್ತುವುದು ಸಾಮಾನ್ಯವಾಗಿ ಮುಂದೆ ಕಂಡದ್ದರ ಹೆಸರು. ಹಸಿವು ಎಂದೂ ತನ್ನ ಕೈಯನ್ನು ರಕ್ತ ಮಾಡಿಕೊಳ್ಳುವುದಿಲ್ಲ. ಅದು ಮಗುವನ್ನು ಹಿಡಿದುಕೊಡುತ್ತದೆ, ಅಷ್ಟೆ.

ಒಂದು ಕೊಂಡಿಯನ್ನು ಕಳಚಿಬಿಟ್ಟರೆ ಸರಪಳಿ ಬೀಳುತ್ತದೆ ಎಂದು ನಂಬುವವರಿಗೂ ಈಚಿನ ಅನುಭವ ವಿನಯವನ್ನು ಕಲಿಸಿದೆ. ಬಾಂಗ್ಲಾದೇಶ ಮತ್ತು ಕೀನ್ಯಾಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗಗಳಲ್ಲಿ ಹಳ್ಳಿಯ ಮನೆಗಳಿಗೆ ಶೌಚಾಲಯ, ಕೈತೊಳೆಯುವ ಏರ್ಪಾಡು, ನೀರಿಗೆ ಕ್ಲೋರಿನ್ ಒದಗಿಸಿ ನೋಡಿದರು. ಬಾಂಗ್ಲಾದೇಶದಲ್ಲಿ ಭೇದಿ ಕಡಮೆಯಾಯಿತು. ಕೀನ್ಯಾದಲ್ಲಿ ಅದೂ ಆಗಲಿಲ್ಲ. ಮಕ್ಕಳ ಎತ್ತರ ಎರಡು ಕಡೆಯೂ ಇದರಿಂದ ಹೆಚ್ಚಲಿಲ್ಲ. ಶೌಚಾಲಯ ಬೇಡವೆಂದು ಇದರ ಅರ್ಥವಲ್ಲ. ಮನೆಗೊಂದು ಗುಂಡಿ ತೋಡಿ ಲೆಕ್ಕ ತೀರಿತೆಂದು ಕೈತೊಳೆದುಕೊಳ್ಳುವ ಹಾಗಿಲ್ಲ ಎಂದು ಅರ್ಥ. ಸುತ್ತಲಿನ ನೆಲ, ನೀರು, ಅನ್ನ, ತಾಯಿಯ ಬಿಡುವು ಇವೆಲ್ಲ ಒಟ್ಟಿಗೆ ಬದಲಾಗಬೇಕು.

ಇಷ್ಟು ಕೊಂಡಿಗಳಿರುವ ಸಾವನ್ನು ನಮ್ಮ ಹಿರಿಯರು ಹೇಗೆ ಅರ್ಥಮಾಡಿಕೊಂಡರು? ಉತ್ತರ ಕರ್ನಾಟಕದಲ್ಲಿ ಮಗು ಹುಟ್ಟಿದ ಐದಾರು ದಿನಗಳೊಳಗೆ ಸೆಟಗೆವ್ವ ಬಂದು ಹಣೆಯ ಮೇಲೆ ಬರೆದುಹೋಗುತ್ತಾಳೆ ಎಂಬ ನಂಬಿಕೆಯಿದೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ; ಅವುಗಳಲ್ಲಿ ಒಂದು ಪೂತನೆ. ಭಾಗವತದ ಪೂತನಿಯೂ ಮಗುವನ್ನು ಕೊಲ್ಲಲು ಬಂದದ್ದು ಕತ್ತಿ ಹಿಡಿದಲ್ಲ, ಹಾಲೂಡಿಸುವ ತಾಯಿಯ ವೇಷದಲ್ಲಿ. ಕೊಳೆನೀರು ಬೆರೆಸಿದ ಹಾಲಿನ ಸೀಸೆಯನ್ನು ನೋಡಿದಾಗಲೆಲ್ಲ ಈ ಕಥೆಯನ್ನು ಕಟ್ಟಿದವರ ಕಣ್ಣು ಎಷ್ಟು ಚುರುಕಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಇವುಗಳನ್ನು ಮೂಢನಂಬಿಕೆ ಎಂದು ಜರೆದುಬಿಡುವುದು ಸುಲಭ. ಆದರೆ ಮಕ್ಕಳು ಸಾಯುವುದನ್ನು ನೋಡುತ್ತ, ತಡೆಯುವ ಉಪಾಯ ಕೈಯಲ್ಲಿಲ್ಲದ ಜನ ಬದುಕಬೇಕಾದರೆ ಇಂಥದೊಂದು ಮಾತು ಬೇಕಾಗುತ್ತದೆ. 'ಅದರ ಋಣ ಅಷ್ಟೇ ಇತ್ತು' ಎಂಬ ಮಾತು ಮಗುವನ್ನು ಕಳೆದುಕೊಂಡ ತಾಯಿ ಮರುದಿನ ಎದ್ದು ಒಲೆ ಹೊತ್ತಿಸಲು ಬೇಕಾದ ಬಲವನ್ನು ಕೊಟ್ಟಿದೆ. ಅದು ಅವಳು ಹೇಳಿಕೊಳ್ಳಬಹುದಾದ ಮಾತು. ಅವಳ ಪರವಾಗಿ ನಾವು ಹೇಳಬಹುದಾದ ಮಾತಲ್ಲ.

ನಾವು ಹಣೆಬರಹ ಎನ್ನುವುದಿಲ್ಲ, ನಿಜ, ಓದಿದವರಲ್ಲವೆ? ನಾವು 'ಬಡತನ' ಎನ್ನುತ್ತೇವೆ, 'ವ್ಯವಸ್ಥೆ' ಎನ್ನುತ್ತೇವೆ, 'ಜನಸಂಖ್ಯೆ' ಎನ್ನುತ್ತೇವೆ. ಹೀಗೆಂದು ಕಾಫಿಯ ಲೋಟವನ್ನು ಕೆಳಗಿಡುತ್ತೇವೆ. ವ್ಯವಸ್ಥೆ ಎನ್ನುವುದು ಸುಳ್ಳಲ್ಲ. ಆದರೆ ಆ ಮಾತನ್ನು ನಾವು ಬಳಸುವ ರೀತಿಯನ್ನು ಗಮನಿಸಿದರೆ ಅದು ಸೆಟಗೆವ್ವನ ಕೆಲಸವನ್ನೇ ಮಾಡುತ್ತಿರುವುದು ಗೊತ್ತಾಗುತ್ತದೆ. ಯಾರೋ ಕಾಣದವರು, ಎಲ್ಲಿಯೋ ಕುಳಿತು, ಅಳಿಸಲಾಗದ್ದನ್ನು ಬರೆದಿದ್ದಾರೆ. ವ್ಯತ್ಯಾಸವೆಂದರೆ ಹಳ್ಳಿಯ ತಾಯಿ ಸೆಟಗೆವ್ವನಿಗೆ ಭಯಭಕ್ತಿಯಿಂದ ಪೂಜೆಯನ್ನಾದರೂ ಸಲ್ಲಿಸುತ್ತಾಳೆ.

ಹಣೆಬರಹಕ್ಕೆ ಒಪ್ಪದವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ: ಎಲ್ಲಕ್ಕೂ ತಾಯಂದಿರ ಅಜ್ಞಾನವೇ ಕಾರಣ. ಭೇದಿಯಾದಾಗ ನೀರು ಕೊಡುವುದಿಲ್ಲ, ಅನ್ನ ನಿಲ್ಲಿಸುತ್ತಾರೆ, ತಿಳಿವಳಿಕೆ ಇಲ್ಲ ಎನ್ನುವುದು ಅವರ ದೂರು. 'ಕುಡಿದರೆ ತಾನೆ ಹೋಗುವುದು' ಎಂಬ ತರ್ಕ ನಮ್ಮ ಹಳ್ಳಿಗಳಲ್ಲಿ ಉಂಟು. 'ಲಂಘನಂ ಪರಮೌಷಧಂ' ಎಂಬ ಮಾತನ್ನು ಎಳೆಮಗುವಿಗೂ ಅನ್ವಯಿಸುವವರು ಉಂಟು. ಮಗುವಿನ ಮಟ್ಟಿಗೆ ಇದು ಅಪಾಯ. ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ನೀರು ಹೋದರೆ ಅದರ ಪ್ರಾಣ ತೂಗುಯ್ಯಾಲೆಯಲ್ಲಿ. ಆದರೆ ಈ ಅಜ್ಞಾನ ಹಳ್ಳಿಯ ತಾಯಿಯ ಸ್ವತ್ತಾಗಿತ್ತೆ? ಬಾಯಿಂದ ನೀರು ಕುಡಿಸಿ ಅತಿಸಾರವನ್ನು ಗೆಲ್ಲಬಹುದೆಂಬುದನ್ನು ಬಹುಕಾಲ ವೈದ್ಯರೂ ನಂಬಿರಲಿಲ್ಲ. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬ ಗುಟ್ಟು ತಿಳಿದುಬಂದದ್ದು ಕಳೆದ ಶತಮಾನದ ನಡುವಿನಲ್ಲಿ. ಢಾಕಾದಲ್ಲಿ ನೇಲಿನ್ ಮತ್ತು ಕ್ಯಾಶ್ ಎಂಬ ತರುಣ ವೈದ್ಯರು ಕಾಲರಾ ರೋಗಿಗಳಲ್ಲಿ ಅದನ್ನು ತೋರಿಸಿಕೊಟ್ಟದ್ದು 1968ರಲ್ಲಿ. ಆಗಲೂ ಇದು ಆಸ್ಪತ್ರೆಯ ಶಿಸ್ತಿನಲ್ಲಿ ಮಾತ್ರ ನಡೆಯುವ ಚಿಕಿತ್ಸೆ, ಸಾಮಾನ್ಯ ಜನರ ಕೈಗೆ ಕೊಡಬಾರದು ಎಂಬ ಅಭಿಪ್ರಾಯವಿತ್ತು.

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಾಗ ಈ ಅಭಿಪ್ರಾಯ ಮುರಿಯಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಹರಿಸುವ ದ್ರವ ಮುಗಿಯುತ್ತ ಬಂತು. ಕಲ್ಕತ್ತೆಯಿಂದ ಹೋಗಿದ್ದ ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರು ಉಪ್ಪು, ಸೋಡ, ಗ್ಲೂಕೋಸ್‌ಗಳನ್ನು ನೀರಿನಲ್ಲಿ ಕದಡಿಸಿ ಪೀಪಾಯಿಗಳಲ್ಲಿ ಇರಿಸಿದರು. ರೋಗಿಗಳ ತಾಯಿ, ಅಕ್ಕ, ಗಂಡ ಯಾರಿದ್ದರೆ ಅವರ ಕೈಗೇ ಲೋಟ ಕೊಟ್ಟು ಕುಡಿಸುತ್ತಲೇ ಇರಿ ಎಂದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ಕೊಟ್ಟಿತು. ಅವರು ಬದುಕಿದ್ದಾಗ ಅವರ ಹೆಸರನ್ನು ಕೇಳಿದ್ದವರು ನಮ್ಮಲ್ಲಿ ಎಷ್ಟು ಮಂದಿ?

ಆಮೇಲೆ 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ನಡೆದುಹೋಗಿ ತಾಯಂದಿರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಪಾಠವನ್ನು ಹೇಳಿಕೊಟ್ಟರು. ಕಲಿಸಿದವಳಿಗೆ ಸಂಬಳ ಎಷ್ಟು ಮನೆಗೆ ಹೋದಳು ಎಂಬುದರ ಮೇಲಲ್ಲ. ಆಮೇಲೆ ಬೇರೊಬ್ಬರು ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿತ್ತು ಎಂಬುದರ ಮೇಲೆ. ಈ ನಿಯಮ ನಮ್ಮ ಕಾಲೇಜುಗಳಿಗೆ ಬಂದರೆ ಎಷ್ಟು ಮಂದಿ ಅಧ್ಯಾಪಕರ ಮನೆಯಲ್ಲಿ ಒಲೆ ಉರಿದೀತೋ ತಿಳಿಯದು. ಅಕ್ಷರ ಬಾರದ ತಾಯಂದಿರು ಕಲಿತರು. ಕಲಿಸುವವರು ಬಂದದ್ದು ತಡವಾಯಿತು, ಅಷ್ಟೆ. ಆದ್ದರಿಂದ ಅಜ್ಞಾನ ಎಂಬ ಮಾತನ್ನು ಬಳಸುವಾಗ ಅದರ ಷಷ್ಠೀ ವಿಭಕ್ತಿಯನ್ನು, ಎಂದರೆ ಅದು ಯಾರ ಅಜ್ಞಾನ ಎಂಬುದನ್ನು, ವಿಚಾರಿಸುವುದು ಒಳ್ಳೆಯದು.

ತತ್ತ್ವಜ್ಞರೂ ಈ ಪ್ರಶ್ನೆಯ ಸುತ್ತ ಸುಳಿದಿದ್ದಾರೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಚೀನಾದ ಮೆನ್ಶಿಯಸ್, ಮನುಷ್ಯ ಸ್ವಭಾವತಃ ಕರುಣಿ ಎಂದು ತೋರಿಸಲು ಬಾವಿಗೆ ಬೀಳಲಿರುವ ಮಗುವಿನ ನಿದರ್ಶನವನ್ನು ಕೊಟ್ಟ. ಅದನ್ನು ತಟ್ಟನೆ ಕಂಡವನು ಯಾರೇ ಆಗಲಿ, ಲಾಭನಷ್ಟ ಯೋಚಿಸದೆ, ಎದೆ ಝಲ್ಲೆಂದು ಮುಂದೆ ನುಗ್ಗುತ್ತಾನೆ. ಆಸ್ಟ್ರೇಲಿಯದ ಪೀಟರ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಗು ಕೊಳದಲ್ಲಿ ಮುಳುಗುತ್ತಿದೆ. ಬಟ್ಟೆ ಕೊಳೆಯಾದೀತೆಂದು ಅದನ್ನು ಎತ್ತದೆ ಹೋಗುವವನನ್ನು ನಾವು ಮನುಷ್ಯನೆನ್ನಲಾರೆವು. ಹಾಗಿದ್ದರೆ ದೂರದಲ್ಲಿ ಸಾಯುತ್ತಿರುವ ಮಗುವಿನ ವಿಷಯದಲ್ಲಿ ಬರಿಯ ದೂರವೆಂಬ ಕಾರಣಕ್ಕೆ ನ್ಯಾಯ ಹೇಗೆ ಬದಲಾಗುತ್ತದೆ ಎಂದು ಅವನ ಪ್ರಶ್ನೆ. ಅವನು ಇದನ್ನು ಬರೆದದ್ದು ಪೂರ್ವ ಬಂಗಾಳದ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡು; ಮಹಾಲನಬೀಸ್ ಲೋಟ ಹಿಡಿಸಿದ್ದು ಅದೇ ನಿರಾಶ್ರಿತರ ಕೈಗೆ.

ಎರಡು ನಿದರ್ಶನಗಳೂ ಬಲವಾದುವು. ಆದರೆ ನಮ್ಮ ಹಳ್ಳಿಯ ಮಗು ಬಾವಿಯ ಅಂಚಿನಲ್ಲಿಲ್ಲ, ಕೊಳದಲ್ಲೂ ಇಲ್ಲ. ಅದು ಅಂಗಳದಲ್ಲಿ ಕುಳಿತಿದೆ. ವಯಸ್ಸಿಗೆ ಸ್ವಲ್ಪ ಕುಳ್ಳಾಗಿದೆ, ಸ್ವಲ್ಪ ಮಂಕಾಗಿದೆ. ಪಕ್ಕದ ಮನೆಯ ಮಗುವೂ ಹಾಗೆಯೇ ಇರುವುದರಿಂದ ಯಾರಿಗೂ ಅದು ವಿಶೇಷವಾಗಿ ಕಾಣುವುದಿಲ್ಲ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವು, ಸುಮಾರು 20 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವು. ಎದೆ ಝಲ್ಲೆನ್ನಲು ಒಂದು ಕ್ಷಣ ಬೇಕು; ಇಲ್ಲಿ ಅಂಥ ಕ್ಷಣವೇ ಇಲ್ಲ. ಕರುಣೆ ಎಂಬ ಗುಣ ನಮ್ಮಲ್ಲಿ ಇದೆ, ಆದರೆ ಅದಕ್ಕೆ ನಿಧಾನವಾದದ್ದನ್ನು ನೋಡುವ ಕಣ್ಣಿಲ್ಲ. ಇಂಥಲ್ಲಿ ಬರಿಯ ಕರುಣೆಯನ್ನು ನೆಚ್ಚಿ ಕೂತರೆ ಸಾಲದು.

ಇಲ್ಲಿ ಮತ್ತೆ ವ್ಯಾಕರಣದ ಸಹಾಯ ಬೇಕಾಗುತ್ತದೆ. 'ಸಾಯು', 'ಕೊಲ್ಲು' ಎಂಬ ಎರಡರ ನಡುವೆ ಕನ್ನಡದಲ್ಲಿ ಇನ್ನೊಂದು ರೂಪವಿದೆ: 'ಸಾಯಗೊಡು'. ಸಾಯಲು ಬಿಡು ಎಂದು ಅರ್ಥ. ಈ ಬಗೆಯ ಕ್ರಿಯೆಯನ್ನು ನಾವು ಹೆಚ್ಚಾಗಿ ನಿಷೇಧದಲ್ಲಿ ಬಳಸುತ್ತೇವೆ. 'ಬೀಳಗೊಡಲಿಲ್ಲ', 'ಹೋಗಗೊಡಲಿಲ್ಲ', 'ಸಾಯಗೊಡಲಿಲ್ಲ'. ಬನಗಾಂವ್‌ನ ಆ ವೈದ್ಯರು ಜನರನ್ನು ಸಾಯಗೊಡಲಿಲ್ಲ ಎಂದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಒಂದು ಕ್ರಿಯೆಗೆ ನಿಷೇಧರೂಪವಿದ್ದರೆ ವಿಧಿರೂಪವೂ ಇರಲೇಬೇಕು. 'ಸಾಯಗೊಡಲಿಲ್ಲ' ಎಂಬುದು ಒಬ್ಬರಿಗೆ ಸಲ್ಲುವ ಪ್ರಶಂಸೆಯಾದರೆ 'ಸಾಯಗೊಟ್ಟರು' ಎಂಬುದೂ ಅರ್ಥವುಳ್ಳ ವಾಕ್ಯವೇ. ಆ ವಾಕ್ಯಕ್ಕೆ ಕರ್ತೃ ಬೇಕು.

ನನ್ನ ದೃಷ್ಟಿಯಲ್ಲಿ ಈ ವಿಷಯದ ಮರ್ಮ ಇಲ್ಲಿದೆ. ಯಾವ ಉಪಾಯವೂ ಇಲ್ಲದಿದ್ದ ಕಾಲದಲ್ಲಿ 'ಮಗು ಸತ್ತಿತು' ಎಂಬುದು ಪ್ರಾಮಾಣಿಕವಾದ ವಾಕ್ಯ. ನಮ್ಮ ಮುತ್ತಜ್ಜಿಯರು ಅದನ್ನು ಕಣ್ಣೀರಿನಿಂದ ಹೇಳಿದರು. ಅವರಿಗೆ ಆ ಹಕ್ಕಿತ್ತು. ಆದರೆ ಒಂದು ಹಿಡಿ ಬೆಲ್ಲ, ಒಂದು ಚಿಟಿಕೆ ಉಪ್ಪು ಪ್ರಾಣ ಉಳಿಸುತ್ತವೆಂದು ತಿಳಿದ ಮೇಲೆ. ಹತ್ತು ಹದಿನಾಲ್ಕು ದಿನ ಸತುವಿನ ಗುಳಿಗೆ ಕೊಟ್ಟರೆ ಭೇದಿ ಬೇಗ ನಿಲ್ಲುತ್ತದೆಂದು 2004ರಲ್ಲಿ ಸಾರಿದ ಮೇಲೆ. ರೋಟಾವೈರಸ್ಸಿನ ಲಸಿಕೆ ನಮ್ಮ ದೇಶದಲ್ಲೇ ತಯಾರಾಗಿ 2016ರಿಂದ ಸರ್ಕಾರಿ ಲಸಿಕೆಗಳ ಸಾಲಿಗೆ ಸೇರಿದ ಮೇಲೆ. ಅದೇ ವಾಕ್ಯ ಅದೇ ಅರ್ಥದಲ್ಲಿ ಉಳಿಯುವುದಿಲ್ಲ. ಜ್ಞಾನ ಹೆಚ್ಚಿದಂತೆ ಅಕರ್ಮಕ ಕ್ರಿಯೆ ಮೆಲ್ಲಗೆ ಸಕರ್ಮಕವಾಗುತ್ತ ಬರುತ್ತದೆ. ವಿಜ್ಞಾನ ನಮಗೆ ಕೊಟ್ಟ ಪ್ರತಿಯೊಂದು ಔಷಧದ ಜೊತೆಗೆ ಒಂದು ಋಣವನ್ನೂ ಕೊಟ್ಟಿದೆ. ಔಷಧವನ್ನು ಇಟ್ಟುಕೊಂಡು ಋಣವನ್ನು ಹಿಂದಿರುಗಿಸುವ ಹಾಗಿಲ್ಲ.

ಋಣ ಎಂದೆ, ಅಪರಾಧ ಎನ್ನಲಿಲ್ಲ. ಈ ಎರಡನ್ನು ಬೆರೆಸುವುದರಿಂದಲೇ ಹತ್ತು ಜನರ ನಡುವೆ ಹಾವು ಉಳಿಯುತ್ತದೆ. ಅಪರಾಧವನ್ನು ಹಂಚಿದರೆ ಅದು ಚಿಕ್ಕದಾಗುತ್ತ ಹೋಗಿ ಯಾರ ಪಾಲಿಗೂ ಇಲ್ಲವಾಗುತ್ತದೆ. ಆದ್ದರಿಂದ ಎಲ್ಲರೂ ಹಂಚಲು ಮುಂದೆ ಬರುತ್ತಾರೆ. ಹೊಣೆ ಹಾಗಲ್ಲ. ಹತ್ತು ಜನ ಹೊರಬೇಕಾದ ತೊಲೆಯ ಕೆಳಗೆ ಒಬ್ಬ ಹೆಗಲು ಜಾರಿಸಿದರೆ ಉಳಿದವರ ಭಾರ ಹೆಚ್ಚುತ್ತದೆಯೇ ಹೊರತು ತೊಲೆಯ ತೂಕ ಕಡಮೆಯಾಗುವುದಿಲ್ಲ. 'ನಾನು ತಪ್ಪು ಮಾಡಲಿಲ್ಲ' ಎಂಬುದು ನಿಜವಿರಬಹುದು. 'ಆದ್ದರಿಂದ ನನಗೆ ಸಂಬಂಧವಿಲ್ಲ' ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಮಾತು ಮೋಡದಲ್ಲೇ ಉಳಿಯಬಾರದು. ನೆಲದ ಮೇಲಿನ ಒಂದು ಉದಾಹರಣೆ ಹೇಳುತ್ತೇನೆ. ಮಗುವಿಗೆ ಆರು ತಿಂಗಳು ತಾಯಿಯ ಹಾಲನ್ನಲ್ಲದೆ ಬೇರೇನನ್ನೂ, ನೀರನ್ನೂ, ಕೊಡಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ. 2017ರಲ್ಲಿ ನಮ್ಮ ಹೆರಿಗೆ ಸೌಲಭ್ಯದ ಕಾನೂನನ್ನು ತಿದ್ದಿ, ಬ್ಯಾಂಕು ಕಚೇರಿ ಕಾರ್ಖಾನೆಗಳಲ್ಲಿ ದುಡಿಯುವ ತಾಯಂದಿರಿಗೆ 26 ವಾರಗಳ ಸಂಬಳಸಹಿತ ರಜೆಯನ್ನು ಗೊತ್ತುಮಾಡಿದರು. 26 ವಾರ ಎಂದರೆ ಸರಿಯಾಗಿ ಆರು ತಿಂಗಳು. ಎಂಥ ವಿವೇಕದ ಕಾನೂನು! ಅದೇ 2017ರಲ್ಲಿ, ಇಂಥ ಕೆಲಸವಿಲ್ಲದ ತಾಯಂದಿರಿಗೆಂದು ಬಂದ ಕೇಂದ್ರದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಗೊತ್ತುಮಾಡಿದ್ದು 5,000 ರೂಪಾಯಿ. ಹತ್ತಿ ಬಿಡಿಸುವ ಹೆಣ್ಣು ಆ ಹಣದಲ್ಲಿ ಎಷ್ಟು ವಾರ ಮನೆಯಲ್ಲಿ ಕುಳಿತಾಳು ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಒಬ್ಬ ತಾಯಿಗೆ ಬಿಡುವನ್ನು ಕೊಟ್ಟೆವು, ಇನ್ನೊಬ್ಬಳಿಗೆ ಬುದ್ಧಿವಾದವನ್ನು ಕೊಟ್ಟೆವು. ಅಂಗನವಾಡಿಯ ಗೋಡೆಯ ಮೇಲೆ 'ತಾಯಿಯ ಹಾಲು ಅಮೃತ' ಎಂದು ಬರೆಸಿ, ಆ ಅಮೃತವನ್ನು ಕೊಡಬೇಕಾದವಳನ್ನು ಎರಡನೆಯ ತಿಂಗಳಲ್ಲಿ ಹೊಲಕ್ಕೆ ಅಟ್ಟುವ ಏರ್ಪಾಡನ್ನು ಹಾಗೆಯೇ ಉಳಿಸಿಕೊಂಡೆವು. ಇದನ್ನು ಸೆಟಗೆವ್ವ ಬರೆಯಲಿಲ್ಲ. ನಾವು ಆರಿಸಿದವರು ಬರೆದರು, ನಾವು ಓದಿ ಪುಟ ತಿರುವಿದೆವು.

ಅಂಗನವಾಡಿಯ ಮಾತು ಬಂತು. ಆ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಅರ್ಧ ಶತಮಾನವಾಯಿತು. ಅಲ್ಲಿ ತೂಕದ ತಕ್ಕಡಿಯ ಜೊತೆಗೆ ಒಂದು ನಕ್ಷೆ ಇರುತ್ತದೆ. ಹಸಿರು, ಹಳದಿ, ಕಿತ್ತಳೆ ಬಣ್ಣದ ಪಟ್ಟೆಗಳ ಮೇಲೆ ಮಗುವಿನ ತೂಕವನ್ನು ತಿಂಗಳಿಗೊಂದು ಚುಕ್ಕೆಯಾಗಿ ಇಟ್ಟು ಗೆರೆ ಎಳೆಯುತ್ತಾರೆ. ಇಂಥ ನಕ್ಷೆಯನ್ನು ನೈಜೀರಿಯದ ಹಳ್ಳಿಗಳಲ್ಲಿ ಕೆಲಸ ಮಾಡುತ್ತ ರೂಪಿಸಿ ಪ್ರಚಾರಕ್ಕೆ ತಂದವರು ಡೇವಿಡ್ ಮಾರ್ಲೆ ಎಂಬ ವೈದ್ಯರು. ಅವರಿಗೆ ಹೊಳೆದ ಸಂಗತಿ ದೊಡ್ಡದು: ಮಗು ಕೆಳಗಿನ ಪಟ್ಟೆಗೆ ಬಿದ್ದಾಗ ಓಡಾಡುವುದು ತಡವಾದ ಕೆಲಸ, ನೋಡಬೇಕಾದದ್ದು ಗೆರೆ ಏರುವುದನ್ನು ನಿಲ್ಲಿಸಿದ ತಿಂಗಳನ್ನು. ಆಗ ಮಗು ನಗುತ್ತಲೇ ಇರುತ್ತದೆ, ಆಡುತ್ತಲೇ ಇರುತ್ತದೆ. ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಆದರೆ ಹೆಚ್ಚಬೇಕಾದ ತೂಕ ಹೆಚ್ಚಿಲ್ಲ. ಕರುಣೆಗೆ ಇಲ್ಲದ ಕಣ್ಣನ್ನು ಆ ಮನುಷ್ಯ ಒಂದು ಹಾಳೆಯ ಮೇಲೆ ಬರೆದುಕೊಟ್ಟ.

ಗೆರೆ ಮಟ್ಟಸವಾಗಿ ನಿಂತ ಆ ತಿಂಗಳಲ್ಲಿ ಒಂದು ಮೊಟ್ಟೆ, ಒಂದು ಮಿಳ್ಳೆ ಎಣ್ಣೆ, ಒಂದು ಹಿಡಿ ಬೇಳೆ, ಮುಚ್ಚಿಟ್ಟ ಶುದ್ಧ ನೀರು, ತಾಯಿಗೆ ನಾಲ್ಕು ದಿನದ ಕೂಲಿ ಇಷ್ಟು ಸಿಕ್ಕಿದರೆ ಆ ಮಗುವಿನ ಮಟ್ಟಿಗೆ ಮುಂದಿನ ವಾಕ್ಯ ಬದಲಾಗಬಹುದು. ಇವನ್ನು ಒದಗಿಸಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಲೆಕ್ಕಿಗರು ಹೇಳಲಿ. ಅಷ್ಟನ್ನು ಖರ್ಚು ಮಾಡಬೇಕೆ ಎಂಬುದನ್ನು ನಾವು ಹೇಳಬೇಕು. ಮತ ಕೇಳಲು ಬಂದವರಿಗೆ ರಸ್ತೆಯ ಗುಂಡಿಯ ವಿಷಯ ಹೇಳುತ್ತೇವೆ, ನಲ್ಲಿಯ ವಿಷಯ ಹೇಳುತ್ತೇವೆ. 'ನಿಮ್ಮ ತಾಲ್ಲೂಕಿನ ಅಂಗನವಾಡಿಗಳಲ್ಲಿ ಈ ತಿಂಗಳು ಎಷ್ಟು ಮಕ್ಕಳ ಗೆರೆ ಏರದೆ ನಿಂತಿದೆ?' ಎಂದು ನಾವು ಯಾರೂ ಕೇಳುವುದಿಲ್ಲ. ಕೇಳುವವರಿದ್ದಾರೆಂದು ಗೊತ್ತಾದರೆ ಉತ್ತರವನ್ನು ಸಿದ್ಧಮಾಡಿಕೊಂಡು ಬರುವ ಜನ ಅವರು. ಆ ಪ್ರಶ್ನೆಯನ್ನು ಕೇಳುವುದಕ್ಕೆ ಪಾಂಡಿತ್ಯ ಬೇಕಾಗಿಲ್ಲ, ಸನ್ಯಾಸ ಬೇಕಾಗಿಲ್ಲ. ಎಲ್ಲರ ಮನೆಯ ಮಗುವಿನ ತೂಕವೂ ಲೆಕ್ಕಕ್ಕೆ ಬರತಕ್ಕದ್ದು ಎಂಬ ಒಂದು ನಂಬಿಕೆ ಇದ್ದರೆ ಸಾಕು.